ಚೀನಾಕ್ಕೆ ಹೋದ ಕಂಬಳಿ

ನಾನು ಮಧುಗಿರಿಯಲ್ಲಿ ಭಾನುವಾರದ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಪರದೇಶದಿಂದ ನಮ್ಮ ಚರ್ಚಿಗೆ ಗೊಂಬೆಗಳು, ಬಣ್ಣದ ಚಿತ್ರಗಳು, ನಮ್ಮಲ್ಲಿ ಯಾರ ಮೈಗೂ ಹಿಡಿಸದ ಫ್ರಾಕುಗಳು ಬರುತ್ತಿದ್ದವು. ಕೊಡುವವರು ಸಮುದ್ರದಾಚೆ, ಕೈಯೊಡ್ಡುವವರು ನಾವು. ಲೋಕ ಇರುವುದೇ ಹಾಗೆ ಎಂದುಕೊಂಡಿದ್ದೆವು.

ಒಂದು ಬೇಸಿಗೆ, ಚೀನಾದ ಬೆಟ್ಟಸೀಮೆಯ ಮಿಷನ್ ಆಸ್ಪತ್ರೆಯಲ್ಲಿ ದುಡಿದಿದ್ದ ನರ್ಸಮ್ಮ ಒಬ್ಬರು ನಮ್ಮಲ್ಲಿಗೆ ಬಂದರು. ಅಲ್ಲಿ ಹಿಮ ಬಿದ್ದಾಗ ಒಂದೇ ಹೊದಿಕೆಯಡಿ ಮೂರು ಮೂರು ಮಕ್ಕಳನ್ನು ಮಲಗಿಸುತ್ತಾರಂತೆ. ನಮ್ಮ ಮಧುಗಿರಿ ಬೆಟ್ಟದ ಬಂಡೆ ಕಾದು ಊರೆಲ್ಲ ಬೇಯುತ್ತಿದ್ದ ದಿನ ಅದು. ಆದರೂ ನಮಗೆ ಮೈ ನಡುಗಿತು.

ನನ್ನ ಪಕ್ಕದಲ್ಲಿದ್ದ ಬಡಗಿಯ ಮಗಳು ಎದ್ದು ನಿಂತಳು. "ನಾವೊಂದು ಕಂಬ್ಳಿ ಕಳಿಸಾನ, ಟೀಚರಮ್ಮ?"

ಸಭೆಯ ಹಿರಿಯರೊಬ್ಬರು ನಕ್ಕರು. "ಇನ್ನೊಬ್ರು ಕೊಟ್ಟಿದ್ದನ್ನ ಉಟ್ಕೊಂಡಿರೋ ನಾವು ಯಾರಿಗಮ್ಮ ಕೊಡಾದು?"

ನಮ್ಮ ಭಾನುವಾರದ ಶಾಲೆಯ ಟೀಚರಮ್ಮ ನಗಲಿಲ್ಲ. "ಮಕ್ಕಳು ಕೇಳ್ತಿದ್ದಾರೆ. ಪ್ರಯತ್ನ ಮಾಡ್ಲಿ," ಎಂದರು.

ಸಿರಾ ರಸ್ತೆಯಲ್ಲಿ ಕುರಿಮಂದೆ ಹಾದುಹೋದಾಗ ಬೇಲಿಯ ಮುಳ್ಳಿಗೆ ಉಣ್ಣೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಾ ಹೋದೆವು. ಕುರಿಹಟ್ಟಿಯ ಅಜ್ಜಿಯೊಬ್ಬಳು ಕೋಲೂರಿ ನಿಂತು ನೋಡಿದಳು.

"ಏನ್ರಮ್ಮೀ, ಬೇಲಿಗೆ ತಲೆ ಬಾಚ್ತಿದ್ದೀರಾ?"

ವಿಷಯ ಹೇಳಿದೆವು.

"ಚೀನಾ ಅಂದ್ರೆ ಪಾವಗಡದಿಂದ ಅತ್ಲಾಗಾ?"

"ಬೋ ದೂರ ಕಣಜ್ಜಿ. ಸಮುದ್ರ ದಾಟಬೇಕು."

"ಎಲ್ಲಾದ್ರೂ ಇರ್ಲಿ. ಕೂಸು ನಡುಗಿದ್ರೆ ನಡುಗಿದಂಗೇಯ. ಆದ್ರೆ ಬೇಲಿ ಉಣ್ಣೇಲಿ ಕಂಬ್ಳಿ ಆಗಕಿಲ್ಲ ಕಣ್ರಮ್ಮೀ. ಕುರಿ ಉಣ್ಣೆ ಕತ್ತರಿಸೋ ದಿನ ಹಟ್ಟಿಗೆ ಬನ್ನಿ."

ಹೋದೆವು. ಆಕೆ ಕದಿರು ಕೊಟ್ಟು ನೂಲುವುದನ್ನು ಕಲಿಸಿದಳು. ನನ್ನ ಎಳೆ ದಿನವೂ ಕಡಿಯುತ್ತಿತ್ತು, ಬೆರಳು ಬಾತುಕೊಂಡಿತ್ತು. "ಇದು ಹೆಣ್ಮಕ್ಕಳ ಕೆಲಸ" ಎಂದು ದೂರ ನಿಂತಿದ್ದ ಗಂಡುಹುಡುಗರು ಕೊನೆಗೆ ಉಣ್ಣೆ ತೊಳೆಯಲು ಕೆರೆಗೆ ಇಳಿದರು, ಅರ್ಧ ದಿನ ಈಜಿಯೂ ಬಂದರು. ನೂಲು ಸಾಕಷ್ಟಾದಾಗ ಅಜ್ಜಿಯ ಮೈದುನ ಎಳೆ ಗಟ್ಟಿಯಾಗಲೆಂದು ಹುಣಸೆಬೀಜದ ಸರಿ ಬಳಿದು ಮಗ್ಗಕ್ಕೆ ಏರಿಸಿದ.

ಕಂಬಳಿ ಇಳಿದ ದಿನ ಅದನ್ನು ಬಿಡಿಸಿ ತಲೆಯ ಮೇಲೆ ಚಪ್ಪರದಂತೆ ಹಿಡಿದು, ಹಾಡುತ್ತಾ ಪೇಟೆಬೀದಿಯಲ್ಲಿ ನಡೆದೆವು. ಅಂಗಡಿಯವರು ಮೆಟ್ಟಿಲಿಗೆ ಬಂದು ನೋಡಿದರು. ಅಂದು ನಕ್ಕಿದ್ದ ಹಿರಿಯರು ಚರ್ಚಿನ ಬಾಗಿಲಲ್ಲೇ ಕಾದಿದ್ದು, ಒಂದು ಮೂಲೆಯನ್ನು ತಾವೇ ಹಿಡಿದು ಒಳಗೆ ನಡೆದರು.

ಮರುವರ್ಷ ಚೀನಾದ ಆ ಆಸ್ಪತ್ರೆಯಿಂದ ಒಂದು ಫೋಟೋ ಬಂತು. ಬೆಳ್ಳಗಿನ ಅಂಗಳ, ಅದರ ನಡುವೆ ನಮ್ಮ ಕರಿ ಕಂಬಳಿ, ಅದರೊಳಗಿಂದ ಇಣುಕಿ ನಗುವ ಒಂದು ದುಂಡುಮುಖದ ಹುಡುಗಿ. ಫೋಟೋ ಹಿಡಿದು ಹಟ್ಟಿಗೆ ಓಡಿದೆವು. ಅಜ್ಜಿ ಅದನ್ನು ಕಣ್ಣಿಗೆ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ನಾನು ತುಮಕೂರು ನೋಡ್ಲಿಲ್ಲ. ನನ್ ಕುರಿ ಚೀನಾ ನೋಡ್ಬುಡ್ತು!" ಎಂದು ಕೂಗಿ ಹಟ್ಟಿಯವರನ್ನೆಲ್ಲ ಕರೆದಳು.

ಆ ವರ್ಷ ನಾವು ಕೇಳದೆಯೇ ಹಟ್ಟಿಯವರು ಉಣ್ಣೆ ತಂದಿಟ್ಟರು. ಸಿರಾದ, ಕೊರಟಗೆರೆಯ ಮಕ್ಕಳೂ ಕದಿರು ಹಿಡಿದರು. ಕಂಬಳಿಗಳ ಮೂಟೆಯನ್ನು ಬಸ್ಸಿನ ನೆತ್ತಿಗೆ ಏರಿಸುವಾಗ ಡ್ರೈವರು ಬೆವರೊರೆಸಿಕೊಳ್ಳುತ್ತಾ ಕೇಳಿದ: "ಎಲ್ಲಿಗ್ರಮ್ಮ ಇದು, ತುಮಕೂರಿಗಾ?"

"ಚೀನಾಕ್ಕೆ!" ನಾವೆಲ್ಲ ಒಟ್ಟಿಗೆ ಕೂಗಿದೆವು.