ವೆನಿಸ್ ಮತ್ತು ಹುಷಾರಿಲ್ಲದ ಅತ್ತೆ

ನನ್ನ ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಯಿತು. ನನ್ನ ಗಂಡ ಕೆಲಸ ಮಾಡುವ, ಕುವೈತಿನ ಶುವೈಖ್ ಪ್ರದೇಶದ ವಾಹನ ಬಿಡಿಭಾಗಗಳ ಕಂಪನಿಯಲ್ಲಿ ಮಾತ್ರ ಅವರು ಇನ್ನೂ ಬದುಕಿದ್ದಾರೆ. ಪ್ರತಿ ವರ್ಷ ಬೇಸಿಗೆಯಲ್ಲಿ, ನಾನು ಪಾಠ ಹೇಳುವ ಶಾಲೆಗೆ ರಜೆ ಬೀಳುವ ಹೊತ್ತಿಗೆ ಸರಿಯಾಗಿ, ಅವರ ಆರೋಗ್ಯ ಕೆಡುತ್ತದೆ. ಒಮ್ಮೆ ಮಂಡಿ, ಒಮ್ಮೆ ಕಣ್ಣಿನ ಪೊರೆ, ಹೋದ ವರ್ಷ ಹೃದಯ.

ಇದು ಇವರೊಬ್ಬರೇ ಕಂಡುಹಿಡಿದ ಉಪಾಯವಲ್ಲ. ಗಲ್ಫಿನಲ್ಲಿ ನಮ್ಮ ಕಡೆಯ ಗಂಡಸರು ರಜೆ ಕೇಳುವ ಕ್ರಮವೇ ಹೀಗೆ. ದಣಿದಿದ್ದೇನೆ ಎಂದು ಯಾರೂ ಹೇಳುವುದಿಲ್ಲ. ಸುಮ್ಮನೆ ತಿರುಗಾಡಿ ಬರುತ್ತೇನೆ ಎನ್ನುವ ಮಾತಂತೂ ಬಾಯಿಗೇ ಬರುವುದಿಲ್ಲ. ತಾಯಿಗೆ ಹುಷಾರಿಲ್ಲ ಎಂದರೆ ಮುಗಿಯಿತು, ಎಂಥ ಗಡಸು ಕಫೀಲನಾದರೂ ಕರಗುತ್ತಾನೆ. ಇವರ ಕಫೀಲ್, ಅಂದರೆ ಇವರ ವೀಸಾಕ್ಕೆ ಜವಾಬ್ದಾರರಾದ ಕುವೈತಿ ಮಾಲೀಕರು, ಗಡಸಿನವರೂ ಅಲ್ಲ. ತಾಯಿ ಎಂಬ ಶಬ್ದ ಕೇಳಿದರೆ ಅವರ ಕಣ್ಣು ತೇವವಾಗುತ್ತದೆ ಎಂದು ಇವರೇ ನನಗೆ ಹೇಳಿದ್ದು.

ಅತ್ತೆ ನಿಜಕ್ಕೂ ತೀರಿಕೊಂಡಾಗ ನಾವು ಊರಿನಿಂದ ಮರಳಿ ಒಂದು ತಿಂಗಳೂ ಆಗಿರಲಿಲ್ಲ. ಆಫೀಸಿನಲ್ಲಿ ಇವರು ಸೋದರಮಾವ ಹೋದರು ಎಂದು ಹೇಳಿ ನಾಲ್ಕು ದಿನಕ್ಕೆ ಹೋಗಿ ಕಾರ್ಯ ಮುಗಿಸಿ ಬಂದರು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ಅಮ್ಮ ಹೋದ್ರು ಅಂತ ಹೇಳಿದ್ರೆ ಬರುವ ವರ್ಷ ಎಂತ ಹೇಳುದು?" ಎಂದರು. ಅಳುತ್ತಲೇ ಹೇಳಿದರು, ಅದನ್ನೂ ಹೇಳಬೇಕು. ಸುಳ್ಳು ಹೇಳಿದ್ದಕ್ಕಲ್ಲ, ಅಷ್ಟು ದುಃಖದಲ್ಲೂ ಮುಂದಿನ ರಜೆಯ ಲೆಕ್ಕ ಹಾಕಿದ್ದಕ್ಕೆ ನನಗೆ ಅಂದು ಇವರ ಮೇಲೆ ಸಿಟ್ಟು ಬಂತು. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಈ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬುವುದಿತ್ತು. ನಾನು ಒಂದೇ ಒಂದು ಕೇಳಿದೆ: ವೆನಿಸ್, ಮೂರು ದಿನ, ನಾವಿಬ್ಬರೇ. ಇಷ್ಟು ವರ್ಷ ನಮ್ಮ ರಜೆಗಳೆಲ್ಲ ಊರಿನ ಮದುವೆ, ಗೃಹಪ್ರವೇಶ, ಸೀಮಂತಗಳಲ್ಲಿ ಕಳೆದುಹೋಗಿವೆ. ಸೂಟ್‌ಕೇಸ್ ತುಂಬ ಬೇರೆಯವರಿಗೆ ಸೋಪು, ಸೆಂಟು, ಬಾದಾಮಿ. ವಾಪಸು ಬರುವಾಗ ಉಪ್ಪಿನಕಾಯಿ, ಹಪ್ಪಳ, ಒಂದಿಷ್ಟು ಚುಚ್ಚುಮಾತು. ಗಂಡನ ಜೊತೆ, ನಮ್ಮ ಪರಿಚಯದವರು ಯಾರೂ ಇಲ್ಲದ ಊರಿನಲ್ಲಿ ನಾನು ಒಂದು ಸಂಜೆಯೂ ನಡೆದಿಲ್ಲ. ನನಗೆ ಬೇಕಾಗಿದ್ದದ್ದು ಅದು. ಕಾರಿಲ್ಲದ ಊರಾದರೆ ಇವರು ಸ್ಟೀರಿಂಗ್ ಹಿಡಿದು ಟ್ರಾಫಿಕ್ಕಿಗೆ ಬೈಯುವುದು ಬಿಟ್ಟು ನನ್ನ ಮುಖ ನೋಡಿಯಾರು ಎಂಬ ಆಸೆಯೂ ಇತ್ತು.

"ಅಮ್ಮಾ, ಇಟ್ಸ್ ಓವರ್‌ರೇಟೆಡ್. ಬೇಸಿಗೇಲಿ ಆ ನೀರು ಸ್ಮೆಲ್ ಬರತ್ತೆ," ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ. ಬರಲಿ ಎಂದೆ.

ಒಂದು ಚಳಿಗಾಲವಿಡೀ ನಾನು ಆ ಊರನ್ನು ಕಲಿತೆ. ದ್ವೀಪದೊಳಗಿನ ದುಬಾರಿ ಹೋಟೆಲು ನಮಗಲ್ಲ, ಸೇತುವೆಯ ಈಚೆ ಮೆಸ್ತ್ರೆಯಲ್ಲಿ ಉಳಿದುಕೊಂಡು ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು ಎಂದು ಗೊತ್ತುಮಾಡಿದೆ. ಅಲಂಕಾರದ ಗೊಂಡೋಲಾ ಬೇಡ, ಊರವರು ಸಂತೆಗೆ ಹೋಗುವ ಸಾರ್ವಜನಿಕ ದೋಣಿಯೇ ದೊಡ್ಡ ಕಾಲುವೆಯುದ್ದಕ್ಕೂ ಸಾಗುತ್ತದೆ. ಅದರಲ್ಲಿ ಮುಂದಿನ ಸೀಟು ಸಿಗಬೇಕಾದರೆ ಬೇಗ ಹೋಗಬೇಕು. ಮೊದಲ ಸಂಜೆ ಜನ ಕಡಿಮೆ ಇರುವ ಉತ್ತರದ ಓಣಿಗಳು, ಎರಡನೆಯ ದಿನ ಊರ ನಡುವಿನ ದೊಡ್ಡ ಚೌಕ, ಮೂರನೆಯ ದಿನ ಏನೂ ಇಲ್ಲ, ಸುಮ್ಮನೆ ನೀರಿನ ಮೆಟ್ಟಿಲ ಮೇಲೆ ಕೂರುವುದು. ಬಿಸಿಲಿನ ಬಗ್ಗೆ ಎಲ್ಲರೂ ಹೆದರಿಸಿದರು. ಕುವೈತಿನ ಜುಲೈ ಕಂಡವರಿಗೆ ಯಾವ ಊರೂ ತಂಪೇ. ಅವಲಕ್ಕಿ ಚೂಡ ಎಷ್ಟು ಮಾಡಬೇಕು ಎನ್ನುವವರೆಗೆ ಯೋಚಿಸಿಟ್ಟಿದ್ದೆ.

ಎರಡು ಕೆಲಸ ಮಾತ್ರ ಇವರದು. ಕಂಪನಿಯಿಂದ ಇಟಲಿಯ ವೀಸಾಕ್ಕೆ ಬೇಕಾದ ಪತ್ರ ತರುವುದು, ರಜೆ ಕೇಳುವುದು. ಈಗ ಕುವೈತ್ ಬಿಟ್ಟು ಹೊರಡಲೂ ಕಂಪನಿಯ ಒಪ್ಪಿಗೆ ಫೋನಿನಲ್ಲಿ ಬರಬೇಕು, ಹಾಗಾಗಿ ಕದ್ದು ಹೋಗುವ ಮಾತೇ ಇಲ್ಲ.

"ಸೀದಾ ಕೇಳಿ," ಎಂದೆ. "ಹೆಂಡತಿ ಜೊತೆ ಇಟಲಿಗೆ ಹೋಗ್ತೇನೆ ಅಂತ ಹೇಳಿ."

"ಹೇಳ್ತೇನೆ ಮಾರಾಯ್ತಿ, ನೀನೊಮ್ಮೆ ಸುಮ್ಮನಿರು," ಎಂದರು.

ಆ ದಿನ ಮಧ್ಯಾಹ್ನ ಊಟಕ್ಕೆ ಬಂದವರು ಖರ್ಜೂರದ ದೊಡ್ಡ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತರು.

"ಕೇಳಿದ್ರಾ?"

"ಬಾಯಿಗೆ ಅದೇ ಬಂತು."

"ಎಂತದು?"

"ಅಮ್ಮನಿಗೆ ಹುಷಾರಿಲ್ಲ ಅಂತ. ರಜೆ ಒಮ್ಮೆ ಸಿಗಲಿ, ಪತ್ರ ಆಮೇಲೆ ಹೇಗಾದ್ರೂ ಮಾಡಿಸುವ ಅಂತ ಇದ್ದೆ."

ಮಾಲೀಕರ ತಾಯಿ ಹೋದ ರಂಜಾನಿನಲ್ಲಿ ತೀರಿಕೊಂಡಿದ್ದರಂತೆ. ಇವರ ಮಾತು ಕೇಳಿದ್ದೇ ಅವರು ಎದ್ದು ಬಂದು ಇವರನ್ನು ಅಪ್ಪಿಕೊಂಡರಂತೆ. ಇದು ಮಾಮಾಳ, ಅಂದರೆ ತಾಯಿಯ, ಕೊನೆಗಾಲ ಇರಬಹುದು, ಮೇಡಮ್ಮನ್ನೂ ಕರೆದುಕೊಂಡು ಹೋಗು, ಯಲ್ಲಾ, ಬೇಗ ಹೊರಡು ಎಂದು ಹೇಳಿ, ತಮ್ಮ ಕೈಯಿಂದಲೇ ಮಂಗಳೂರಿಗೆ ಎರಡು ಟಿಕೆಟ್ ಮಾಡಿಸಿ, ದೇಶ ಬಿಡುವ ಒಪ್ಪಿಗೆಯನ್ನೂ ಅಲ್ಲೇ ಒತ್ತಿಬಿಟ್ಟರಂತೆ. ಖರ್ಜೂರ ಅತ್ತೆಗೆ. ಇನ್ನು ಅದೇ ಮನುಷ್ಯನ ಮುಂದೆ ಹೋಗಿ ಇಟಲಿಗೆ ಪತ್ರ ಕೊಡಿ ಎಂದು ಯಾವ ಮುಖದಲ್ಲಿ ಕೇಳುವುದು?

"ಖಲಾಸ್," ಎಂದರು ನನ್ನ ಗಂಡ. ನಾನು ಅನ್ನ ಬಡಿಸದೆ ಎದ್ದು ಹೋದೆ.

ಮದುವೆಗೆ ಇಪ್ಪತ್ತೈದು ತುಂಬಿದ ದಿನ ನಾವು ಮಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿದ್ದೆವು. ವರ್ಷವಿಡೀ ಬೀಗ ಹಾಕಿದ್ದ ಮನೆ, ನಲ್ಲಿಯಲ್ಲಿ ಕೆಂಪು ನೀರು. ನಾನು ಬಕೆಟಿನಲ್ಲಿ ನೀರು ಹಿಡಿದು ನೆಲ ಒರೆಸುತ್ತಿದ್ದೆ. ಹಿಂದಿನ ದಿನದಿಂದ ಮಾಲೀಕರ ಮೆಸೇಜು ಒಂದೇ ಸಮನೆ: ಮಾಮಾ ಹೇಗಿದ್ದಾರೆ, ವಿಡಿಯೋ ಕಾಲ್ ಮಾಡು, ಸಲಾಂ ಹೇಳಬೇಕು. ಇವರು ನೆಟ್‌ವರ್ಕ್ ಇಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಬಾಗಿಲಿಗೆ ಒರಗಿ ನಿಂತು ನನ್ನನ್ನು ನೋಡಿದರು. ಅಷ್ಟು ಹೊತ್ತು ಇವರು ನನ್ನ ಮುಖ ನೋಡಿದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು.

"ನಮ್ಮ ಮಾಲೀಕರು ನಿನ್ನನ್ನು ಒಮ್ಮೆಯೂ ನೋಡ್ಲಿಲ್ಲ ಅಲ್ವಾ," ಎಂದರು. "ಕೂದಲಿಗೆ ಬಣ್ಣವೂ ಹಾಕ್ಲಿಲ್ಲ ನೀನು ಈ ಸಲ. ಎರಡೇ ನಿಮಿಷ. ಅಮ್ಮನ ಹಾಗೆ ಸುಮ್ಮನೆ ಮಲಗಿದ್ರೆ ಸಾಕು."

ವೆನಿಸ್ಸಿಗೆ ಹೋಗುವಾಗ ಹಾಕೋಣ ಎಂದು ಬಣ್ಣ ಹಾಕದೆ ಇಟ್ಟಿದ್ದೆ, ಆಮೇಲೆ ಮನಸ್ಸಾಗಲಿಲ್ಲ. ಇವರ ಕೆಲಸ ಹೋದರೆ ನಮ್ಮೆಲ್ಲರ ಅನ್ನ ಹೋಗುತ್ತದೆ. ಹೋಗಿ ಮಲಗಿದೆ. ಇವರು ಕಿಟಕಿಯ ಪರದೆ ಎಳೆದು, ಶಾಲನ್ನು ನನ್ನ ಹಣೆಯವರೆಗೆ ತಂದು, ಕುಂಕುಮ ಒರೆಸಿದರು.

ಫೋನಿನಲ್ಲಿ ಬಿಳಿಗಡ್ಡದ ಸೌಮ್ಯವಾದ ಮುಖ ಕಂಡಿತು. "ಮಾಮಾ! ಕೈಸಾ ಹೈ? ತುಮಾರಾ ಬೇಟಾ ಬಹುತ್ ಅಚ್ಛಾ. ಹರ್ ಸಾಲ್ ಮೈ ಬೋಲ್ತಾ, ಮೇಡಂ ಕೋ ಲೇಕೆ ಟರ್ಕಿ ಜಾವ್, ಇಟಲಿ ಜಾವ್, ಛುಟ್ಟಿ ದೇತಾ ಮೈ. ವೋ ಬೋಲ್ತಾ, ನೋ, ಓನ್ಲಿ ಮಾಮಾ!"

ಹೆಂಡತಿಯನ್ನು ಇಟಲಿಗೆ ಕರೆದುಕೊಂಡು ಹೋಗು, ರಜೆ ನಾನು ಕೊಡುತ್ತೇನೆ ಎಂದು ಪ್ರತಿ ವರ್ಷ ಹೇಳಿದ ಮನುಷ್ಯ ಈ ಮಾಲೀಕರು. ಅವರಿಗೆ ಹೆದರಿ ನನ್ನ ಗಂಡ ಸತ್ತ ತಾಯಿಯನ್ನು ಒಂಬತ್ತು ವರ್ಷ ಹಾಸಿಗೆಯಲ್ಲಿ ಮಲಗಿಸಿದ್ದರು. ತಲೆಯೆತ್ತಿ ನೋಡಿದೆ. ಇವರು ನನ್ನ ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದರು.

"ಮಾಮಾ ಕೋ ಕ್ಯಾ ಚಾಹಿಯೇ? ಪೂಛೋ!" ಎಂದರು ಮಾಲೀಕರು.

"ಎಂತ ಬೇಕು ಅಂತ ಕೇಳ್ತಿದ್ದಾರೆ," ಎಂದರು ಇವರು, ನಿಜವಾಗಿ ತಾಯಿಯನ್ನು ಕೇಳುವ ಧ್ವನಿಯಲ್ಲಿ.

"ನಾನು ಸತ್ತೆ ಅಂತ ಹೇಳು ಮಗಾ," ಎಂದೆ. "ಇನ್ನಾದ್ರೂ ನನ್ನ ಸೊಸೆಗೆ ಮೂರು ದಿನ ರಜೆ ಸಿಗಲಿ."

ಇವರು ಗಂಟಲು ಸರಿಮಾಡಿಕೊಂಡು ಫೋನಿನ ಕಡೆ ತಿರುಗಿದರು. "ಮಾಮಾ ಶುಕ್ರನ್ ಬೋಲಾ, ಥ್ಯಾಂಕ್ಯೂ ಬೋಲಾ, ಸರ್. ಕುಛ್ ನಹೀ ಚಾಹಿಯೇ."

ಮಾಲೀಕರು ಕಣ್ಣು ಒರೆಸಿಕೊಂಡರು. ಮುಂದಿನ ವರ್ಷವೂ ಮಂಗಳೂರಿನ ಟಿಕೆಟ್ ತಮ್ಮದೇ ಎಂದು ಎದೆ ಮುಟ್ಟಿ ಮಾತು ಕೊಟ್ಟರು.