ಸ್ಕೀ ಹಲಗೆಗೆ ಹಚ್ಚಿದ ಗಂಧ

ದುಬೈಯ ಮಾಲೊಂದರೊಳಗಿನ ಹಿಮದ ಇಳಿಜಾರಿನಲ್ಲಿ ನನಗೆ ಸ್ಕೀ ಹಲಗೆ ರಿಪೇರಿ ಮಾಡುವ ಕೆಲಸ. ಅಂಚು ಮಸೆಯಬೇಕು, ನುಣ್ಣಗೆ ಜಾರಲೆಂದು ಅಡಿಗೆ ಮೇಣ ಹಚ್ಚಬೇಕು. ಉಡುಪಿಯ ಬಿಸಿಲಲ್ಲಿ ಬೆಳೆದವನಿಗೆ ಇದೆಂಥ ಕರ್ಮ ಎಂದು ನಾನೇ ನಗುತ್ತಿದ್ದೆ.

ಅಲ್ಲಿ ಮಕ್ಕಳಿಗೆ ಸ್ಕೀ ಕಲಿಸುತ್ತಿದ್ದ ಮೇಡಂ ಒಂದು ಕಾಲದಲ್ಲಿ ಯುರೋಪಿನ ಬೆಟ್ಟಗಳಿಂದ ಕಾರಿಗಿಂತ ವೇಗವಾಗಿ ಇಳಿದು ಪದಕ ಗೆದ್ದವರು. ಮಂಡಿಗೆ ಎರಡು ಸಲ ಆಪರೇಷನ್ ಆದ ಮೇಲೆ ಇಲ್ಲಿಗೆ ಬಂದಿದ್ದರು. ನನ್ನ ಮಗಳಿಗೂ ಪುಕ್ಕಟೆ ಕಲಿಸುತ್ತಿದ್ದರು. ಹೊಸದಾಗಿ ಬಂದ ಮ್ಯಾನೇಜರ್, ಎಲ್ಲರೆದುರು ಒಮ್ಮೆ ಇಳಿದು ತೋರಿಸಿದರೆ ಮಾತ್ರ ಕಾಂಟ್ರಾಕ್ಟ್ ಮುಂದುವರಿಸುತ್ತೇನೆ ಎಂದ. ಪದಕ ಗೆದ್ದವರಿಗೇ ಪರೀಕ್ಷೆ! ನನಗೆ ಮೈಯೆಲ್ಲ ಉರಿಯಿತು.

ಪರೀಕ್ಷೆಯ ಹಿಂದಿನ ದಿನ ಆಯುಧಪೂಜೆ. ಮೇಡಂನ ಹಲಗೆಗಳು ನನ್ನ ಮೇಜಿನ ಮೇಲಿದ್ದವು. ಸುತ್ತಿಗೆ, ಅರಗಳ ಜೊತೆ ಅವಕ್ಕೂ ಗಂಧ, ಕುಂಕುಮ ಇಟ್ಟೆ. ಕಷ್ಟಪಡುವುದು ಅಡಿಯಲ್ಲವೇ ಎಂದು ಅಡಿಗೇ ಹಚ್ಚಿದೆ. ಬೆಳಿಗ್ಗೆ ಒಂದನ್ನು ಒರೆಸುವಷ್ಟರಲ್ಲಿ ಯಲ್ಲಾ, ಯಲ್ಲಾ ಎಂದು ಮ್ಯಾನೇಜರ್ ಅವಸರ ಮಾಡಿದ. ಇನ್ನೊಂದು ಹಾಗೇ ಹೋಯಿತು.

ಮೊದಲ ತಿರುವಿನಲ್ಲೇ ಎಡ ಹಲಗೆ ಹಿಮಕ್ಕೆ ಕಚ್ಚಿಕೊಂಡಿತು. ಮೇಡಂ ಬಿದ್ದರು. ಎದ್ದು ನಿಂತು, ಮಂಡಿ ಖಲಾಸ್ ಎಂದಷ್ಟೇ ಹೇಳಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವನು ನಾನು. ಆದರೂ ಬಾಯಿ ಬಿಡಲಿಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ಮಗಳ ಶಾಲೆಯೂ ಹೋಗುತ್ತದೆ ಎಂಬ ಹೆದರಿಕೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಊಟದ ತಟ್ಟೆ ಇಡುತ್ತಾ ಅವಳು, "ಹೋಗಿ ಹೇಳಿ ಮಾರಾಯ್ರೆ. ಇಲ್ಲದಿದ್ರೆ ಆ ಗಂಧ ನಮ್ಮ ಹಣೆಗೂ ಬೇಡ" ಎಂದಳು.

ಧೈರ್ಯ ಬರಲು ನನಗೆ ಹತ್ತು ದಿನ ಬೇಕಾಯಿತು. ಅಷ್ಟರಲ್ಲಿ ಮೇಡಂನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮೇಡಂ ಸಾಮಾನು ಕಟ್ಟುತ್ತಿದ್ದರು. ನಾನು ತೊದಲುತ್ತಾ ಎಲ್ಲ ಹೇಳಿದೆ. ಅವರು ಎಡ ಹಲಗೆಯನ್ನು ತಿರುಗಿಸಿ ತೋರಿಸಿದರು. ಕುಂಕುಮದ ಕಲೆ ಹಾಗೇ ಇತ್ತು. ಬಿದ್ದ ಕ್ಷಣವೇ ನೋಡಿದ್ದರಂತೆ. ತಾವು ಹೇಳಿದ್ದರೆ ಮ್ಯಾನೇಜರ್ ನನ್ನನ್ನು ಅವತ್ತೇ ಕೆಲಸದಿಂದ ಕಳಿಸಿಬಿಡುತ್ತಿದ್ದ ಎಂದು ಸುಮ್ಮನಿದ್ದರಂತೆ.

"ಮರುದಿನ ನೀನೇ ಬಂದು ಹೇಳುತ್ತೀ ಅಂದುಕೊಂಡಿದ್ದೆ," ಎಂದರು.

ಮಗಳು ಈಗಲೂ ಮೇಡಂ ಕಲಿಸಿದ ಹಾಗೆಯೇ ಮಂಡಿ ಬಗ್ಗಿಸಿ ಇಳಿಯುತ್ತಾಳೆ. ಬಂದು ನೋಡು ಎಂದು ಕರೆಯುತ್ತಾಳೆ. ನಾನು ಕೆಲಸವಿದೆ ಎನ್ನುತ್ತೇನೆ.