ಹುಕ್ಕೇರಿಗೆ ಒಯ್ದ ಬುತ್ತಿ

ಹೋದ ವರ್ಷ ಬಿಳಿಜೋಳದ ರಾಶಿ ಮುಗಿದ ಹೊತ್ತು. ನಾನು ಮೂಡಲಗಿಯಲ್ಲಿ ಬ್ಲೌಸ್ ಹೊಲಿಯುವವಳು, ತವರು ತುಕ್ಕಾನಟ್ಟಿ. ಕುರಿ ಕಾಯುತ್ತಲೇ ಡೊಳ್ಳಿನ ಪದ ಹಾಡುತ್ತ ಬಂದವನು ನಮ್ಮಪ್ಪ. ಅವನೇ ಕಟ್ಟಿದ ಒಂದು ಪದವಿದೆ. ಕುರಿ ಹಿಂದೆ ದೂರ ಹೋದ ಮಗ ಊರಿಗೆ ಮರಳುವಷ್ಟರಲ್ಲಿ ತಾಯಿ ಸತ್ತು ಮಣ್ಣೂ ಮುಗಿದಿರುತ್ತದೆ. ಅದು ಅಪ್ಪನ ಸ್ವಂತ ಕತೆ. ಆದರೆ ಈಗಿನ ಹುಡುಗರಿಗೆ ಕುಣಿಯುವ ಹಾಡೇ ಆಗಬೇಕು. "ಅಳೂ ಪದ ಬ್ಯಾಡ್ರಿ ಕಾಕಾ" ಎಂದು ಹೋದಲ್ಲೆಲ್ಲ ಬಾಯಿ ಮುಚ್ಚಿಸುತ್ತಿದ್ದರು. ಬೇಸತ್ತು ಅಪ್ಪ ಆ ಪದವನ್ನೂ ಬಿಟ್ಟಿದ್ದ, ಡೊಳ್ಳನ್ನೂ ಮೇಲೆ ಕಟ್ಟಿಟ್ಟಿದ್ದ.

ಒಂದು ದಿನ ಒತ್ತಾಯ ಮಾಡಿ ಅದನ್ನು ಹಾಡಿಸಿ, ಮೊಬೈಲಿನಲ್ಲಿ ಹಿಡಿದು ಇಂಟರ್ನೆಟ್ಟಿಗೆ ಹಾಕಿದೆ. ಸ್ವಲ್ಪ ದಿನಕ್ಕೆ ಹುಕ್ಕೇರಿಯ ಹುಡುಗನೊಬ್ಬ ಅದಕ್ಕೆ ರಿಯಾಕ್ಷನ್ ವಿಡಿಯೋ ಮಾಡಿದ. ಬೇರೆಯವರ ಹಾಡು ಕೇಳುವುದು, ಕೇಳುವಾಗ ತನ್ನ ಮುಖ ಹೇಗಾಗುತ್ತದೆಂದು ಜಗತ್ತಿಗೆ ತೋರಿಸುವುದು, ಇದೇ ಅವನ ಕೆಲಸ. "ಇದನ್ನ ಇವತ್ತ ಫಸ್ಟ್ ಟೈಮ್ ಕೇಳಾಕತ್ತೇನಿ" ಎಂದು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಎರಡನೆಯ ನುಡಿಗೇ ಹಾಡು ನಿಲ್ಲಿಸಿ, ಕನ್ನಡಕ ತೆಗೆದು ಬಿಕ್ಕಿ ಬಿಕ್ಕಿ ಅತ್ತ. "ನಮ್ಮವ್ವ ಹೋದಾಗೂ ನಾ ಇಷ್ಟ ಅತ್ತಿದ್ದಿಲ್ಲ" ಎಂದ.

ನಾನೂ ಅತ್ತೆ. ಎಷ್ಟು ಸಲ ನೋಡಿದೆನೋ! ಒಬ್ಬರೇ ಕೂತು ಉಣ್ಣುವಾಗ ಯಾರಾದರೂ ಬಂದು ಜೊತೆಗೆ ತಾಟು ಹಾಕಿಕೊಂಡು ಕೂತರೆ ಹೇಗಿರುತ್ತದೆ, ಹಾಗಿತ್ತು. ತವರಿಗೆ ಹೋಗಿ ಅಪ್ಪನಿಗೆ ತೋರಿಸಿದೆ. ಅವನು ಅಳಲಿಲ್ಲ, ಎದ್ದು ನಿಂತ.

"ನಾಳೆ ರೊಟ್ಟಿ ಬಡಿ. ಆ ಹುಡುಗಗ ಬುತ್ತಿ ಒಯ್ಯೂಣು" ಎಂದ.

ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರಿಷ್ಟರೇ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣಿಸಿ ಬರುತ್ತಾರೆ. "ಅವರವ್ವ ಹೋಗಿ ಎಷ್ಟ ದಿನಾ ಆತೋ ಏನೋ, ಈಗ್ಯಾಕ ಬುತ್ತಿ ಅಪ್ಪಾ?" ಎಂದೆ.

"ನನ್ನ ಪದ ಕೇಳಿ ಇವತ್ತ ಅತ್ತಾನಂದ್ರ ಅವನ ಪಾಲಿಗೆ ಅವ್ವ ಇವತ್ತ ಸತ್ತಾಳ. ಅಳಿಸಿದಾಂವ ನಾ. ಬುತ್ತಿ ಒಯ್ಯಾಂವನೂ ನಾನ."

ಆ ಸಂಜೆ ಅಪ್ಪ ಎಷ್ಟೋ ವರ್ಷದ ಮೇಲೆ ಡೊಳ್ಳು ಇಳಿಸಿ ಹಗ್ಗ ಬಿಗಿದ. ಅವನ ಹುರುಪು ನೋಡಿ ನನಗೆ ಹಬ್ಬ ಬಂದಂತಾಗಿತ್ತು.

ಮರುದಿನ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಮೊಸರನ್ನ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆವು. ಹುಕ್ಕೇರಿ ಬಸ್‌ಸ್ಟ್ಯಾಂಡಿನ ಬಾಜೂ ಮೊಬೈಲ್ ಅಂಗಡಿಯಲ್ಲಿ ವಿಡಿಯೋ ತೋರಿಸಿ ಹುಡುಗನ ಮನೆ ಕೇಳಿದೆ. ಅಂಗಡಿಯವ ನಕ್ಕು, "ಆ ಅಳೂ ಹುಡುಗನ ಮನಿ ಏನ್ರಿ?" ಎಂದು ಓಣಿ ತೋರಿಸಿದ. ಆ ನಗು ನನಗೆ ಆಗಲೇ ಸರಿ ಬರಲಿಲ್ಲ.

ಬಾಗಿಲು ತೆರೆದವಳು ಅಪ್ಪನಿಗಿಂತ ಹತ್ತಾರು ವರ್ಷ ಚಿಕ್ಕವಳಿದ್ದಾಳು. ಹಣೆಯಲ್ಲಿ ವಿಭೂತಿ, ಕುಂಕುಮ, ಕೈಗೆ ಹಿಟ್ಟು.

"ಈ ಮನಿ ಹುಡುಗನ ಅವ್ವ ತೀರಿಕೊಂಡ ಸುದ್ದಿ ತಿಳೀತವ್ವಾ. ಬುತ್ತಿ ತಂದೇವಿ" ಎಂದ ಅಪ್ಪ.

ಅವಳು ನಮ್ಮಿಬ್ಬರನ್ನೂ ನೋಡಿದಳು. ಬಿಳಿ ಗಂಟನ್ನೂ ನೋಡಿದಳು.

"ಅವನ ಅವ್ವ ನಾನರಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬದುಕಿದ ಮುತ್ತೈದೆಯ ಹೊಸ್ತಿಲಿಗೆ ಸಾವಿನ ಬುತ್ತಿ! ಅಪ್ಪ ಗಂಟನ್ನು ಕೆಳಗಿಟ್ಟ. ಅಷ್ಟರಲ್ಲಿ ಮಾಳಿಗೆಯಿಂದ ಹುಡುಗ ಇಳಿದು ಬಂದ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ, ಸಿಗಲಿಲ್ಲ.

"ಅದು ಹಂಗ ಹೇಳಬೇಕಾಗತೈತ್ರಿ ಕಾಕಾ. ಸುಮ್ನ ಕುಂತ ಕೇಳಿದ್ರ ಯಾರ್ ನೋಡ್ತಾರ?"

"ನನ್ನ ಪದಾ ಪೂರ್ತಿ ಕೇಳೀಯೇನು ತಮ್ಮಾ?" ಅಪ್ಪ ಕೇಳಿದ್ದು ಅದೊಂದೇ.

"ಅಳೂ ಮಟಾ ಕೇಳೇನ್ರಿ" ಎಂದ. ಎನ್ನುತ್ತಲೇ ಮೊಬೈಲ್ ತೆಗೆದ. "ನಿಮ್ಮ ಬುತ್ತಿ ವಿಷಯ ಭಾಳ ಚಲೋ ಐತ್ರಿ. ಇನ್ನೊಮ್ಮೆ ಹೊರಗ ಹೋಗಿ ಗಂಟ ಹಿಡಕೊಂಡ ಬರ್ರಿ, ನಾ ಬಾಗಲಾ ತಗೀತೀನಿ."

ತಾಯಿ ಅವನ ಕೈಯಿಂದ ಮೊಬೈಲ್ ಕಿತ್ತು ಹಿಟ್ಟಿನ ಡಬ್ಬಿಯೊಳಗೆ ಒಗೆದಳು. ಅಪ್ಪ ಗಂಟು ಎತ್ತಿಕೊಂಡು ತಿರುಗಿದ. ಅವಳು ಬಿಡಲಿಲ್ಲ.

"ಸತ್ತವರ ಬುತ್ತಿ ವಾಪಸ್ ಮನಿಗೆ ಒಯ್ಯಬಾರದ್ರಿ ಅಣ್ಣಾರ. ನನ್ನ ಹೆಸರಿಲೆ ಬಂದೈತಿ, ನಾನ ಉಣತೀನಿ."

ಅಲ್ಲೇ ನೆಲದ ಮೇಲೆ ಕೂತು, ರೊಟ್ಟಿ ಮುರಿದು, ಝುಣಕ ಹಚ್ಚಿಕೊಂಡು ಉಂಡಳು. ಕಣ್ಣೀರು ತುತ್ತಿನ ಮೇಲೇ ಬೀಳುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ, ಮಗನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ ಕೈ ಮುಗಿದುಕೊಂಡು ನಿಂತಿದ್ದ.

ಆ ವಿಡಿಯೋ ಈಗಲೂ ಹಾಗೇ ಇದೆ. ಕೆಳಗೆ ಜನ ಅವನ ತಾಯಿಯ ಆತ್ಮಕ್ಕೆ ಶಾಂತಿ ಕೋರುತ್ತಲೇ ಇದ್ದಾರೆ. "ಅವರು ಬದುಕಿದ್ದಾರೆ, ನಾನೇ ನೋಡಿ ಬಂದಿದ್ದೇನೆ" ಎಂದು ಬರೆದೆ. ಸಂಜೆಯೊಳಗೆ ಹುಡುಗ ಅದನ್ನು ಅಳಿಸಿ ಹಾಕಿದ್ದ. ಅವನಿಗೆ ಹಿಡಿಶಾಪ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಆದರೆ ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಮುಂದೆ ಮೇಲವಂಕಿಯಲ್ಲಿ ನೆಂಟರೊಬ್ಬರು ತೀರಿಕೊಂಡಾಗ ಹಿರಿಯರೆಲ್ಲ ಸೇರಿ ಆ ಪದ ಹಾಡಲು ಅಪ್ಪನನ್ನು ಒಪ್ಪಿಸಿದರು. ಎರಡನೆಯ ನುಡಿಗೆ ಮುಂದೆ ಕೂತಿದ್ದ ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಸತ್ತವನ ತಾಯಿ ಆಕೆ, ಮಗನನ್ನು ಮಣ್ಣು ಮಾಡಿ ಬಂದವಳು. ಅಪ್ಪ ಡೊಳ್ಳಿನ ಮೇಲೆ ಕೈಯಿಟ್ಟು ಹಾಡು ನಿಲ್ಲಿಸಿದ. ಬಗ್ಗಿ ಅವಳ ಮುಖವನ್ನೇ ನೋಡುತ್ತ ಕೇಳಿದ:

"ಯವ್ವಾ, ಖರೇನ ಅಳಾಕತ್ತೀಯೇನು?"

ಮುದುಕಿಯ ಅಳು ಅಲ್ಲಿಗೇ ನಿಂತಿತು. ಅಪ್ಪನ ಪದವೂ ನಿಂತಿತು. ಅವನು ಇವತ್ತಿಗೂ ಅದನ್ನು ಮತ್ತೆ ಹಾಡಿಲ್ಲ.